‘ಟೂ ಕ್ಲಬ್ಸ್’ ಎಂಬ ಧ್ವನಿ: ಬ್ರಿಜ್ ಬಿಡ್ಡಿಂಗಿನ ಶಬ್ದಶಕ್ತಿ ಮೀಮಾಂಸೆ

ಪ್ರಸ್ತುತ ಪ್ರಬಂಧವು ಬ್ರಿಜ್ ಎಂಬ ಇಸ್ಪೀಟಾಟದ ಬಿಡ್ಡಿಂಗನ್ನು ಕಾವ್ಯಮೀಮಾಂಸೆಯ ಬೆಳಕಿನಲ್ಲಿ, ಸಮಕಾಲೀನ ಸಂಕಥನದ ನೆಲೆಯಲ್ಲಿ ಬಹುಶಿಸ್ತೀಯ ಅನುಸಂಧಾನಕ್ಕೆ ಒಳಪಡಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ‘ವಿನಮ್ರ’ ಎಂಬುದು ಇಲ್ಲಿ ಪಾರಿಭಾಷಿಕ. ಕೇಳುವವರು ಎದ್ದುಹೋಗುವ ತನಕ ನಿಲ್ಲದ್ದು ಎಂದು ಅದರ ಲಕ್ಷಣ.

1. ವ್ಯಾಪ್ತಿ ಮತ್ತು ಪರಿಮಿತಿ

ಮೇಜಿಗೆ ನಾಲ್ವರು; ಎದುರುಬದುರು ಕೂತವರು ಜೊತೆ. ತಲಾ 13 ಎಲೆ. ಎಲೆ ಆಡುವ ಮುಂಚೆ, ಯಾವ ಜಾತಿ ಟ್ರಂಪು (ತುರುಪು), ಎಷ್ಟು ಟ್ರಿಕ್ (ಪಟ್ಟು) ಗೆಲ್ಲುತ್ತೇವೆ ಎಂದು ಸರದಿಯಲ್ಲಿ ಕೂಗುವುದೇ ಬಿಡ್ಡಿಂಗ್. ಒಬ್ಬರ ಕೈಗೆ ಆ ಹದಿಮೂರು ಎಲೆ ಬೀಳಬಹುದಾದ ಬಗೆಗಳು 63,501 ಕೋಟಿಗೂ ಮಿಗಿಲು. ಇಷ್ಟನ್ನೂ ಜೊತೆಗಾರನಿಗೆ ತಿಳಿಸಲು ಶಾಸ್ತ್ರವು ದಯಪಾಲಿಸಿರುವುದು 15 ಪದ: ಒಂದರಿಂದ ಏಳರವರೆಗಿನ ಅಂಕಿ, ಕಳಾವರ್ (ಕ್ಲಬ್ಸ್), ಡೈಮಂಡ್, ಆಟಿನ್ (ಹಾರ್ಟ್ಸ್), ಇಸ್ಪೇಟು (ಸ್ಪೇಡ್ಸ್) ಎಂಬ ನಾಲ್ಕು ಜಾತಿ, ನೋ ಟ್ರಂಪ್, ಪಾಸ್, ಡಬಲ್, ರೀಡಬಲ್. ಈ ದಾರಿದ್ರ್ಯವೇ ಸಕಲ ಪಾಂಡಿತ್ಯದ ತಾಯಿಬೇರು ಎಂದು ಆಚಾರ್ಯರ ಮತ.

ಕೆಮ್ಮು, ನಿಟ್ಟುಸಿರು, ಹುಬ್ಬೇರಿಸುವಿಕೆ ನಿಷಿದ್ಧ. 1965ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಪಂದ್ಯದಲ್ಲಿ ಬ್ರಿಟನ್ನಿನ ಜೋಡಿಯೊಂದು, ಎಲೆ ಹಿಡಿದ ಬೆರಳುಗಳನ್ನೇ ಲೆಕ್ಕವಾಗಿ ತೋರಿಸಿ ಆಟಿನ್ ಎಷ್ಟಿದೆ ಎಂದು ಹೇಳಿಕೊಂಡಿತೆಂಬ ಆರೋಪಕ್ಕೆ ಗುರಿಯಾಯಿತು. 1975ರ ವಿಶ್ವ ಪಂದ್ಯದ ಹೊತ್ತಿಗೆ ಜೊತೆಗಾರರ ನಡುವೆ ಪರದೆಯೇ ಎದ್ದಿತು. ಬೆರಳಲ್ಲಿ ಹೇಳಿದರೆ ಮೋಸ. ಜೊತೆಗಾರನ ಒಂದು ನೋ ಟ್ರಂಪಿಗೆ ‘ಟೂ ಕ್ಲಬ್ಸ್’ ಎಂದು ಬಾಯಲ್ಲಿ ಹೇಳಿ, ‘ನನ್ನಲ್ಲಿ ಕಳಾವರ್ ಇರಲಿ ಬಿಡಲಿ, ನಿನ್ನಲ್ಲಿ ನಾಲ್ಕು ಆಟಿನ್ನೋ ನಾಲ್ಕು ಇಸ್ಪೇಟೋ ಇದೆಯಾ?’ ಎಂದು ಮನಸ್ಸಿನಲ್ಲಿ ಕೇಳಿದರೆ ಅದು ಶಾಸ್ತ್ರ. ಎದುರಾಳಿ ಕೇಳಿದರೆ ಅರ್ಥ ಬಿಚ್ಚಿ ಹೇಳಬೇಕೆಂಬುದು ವ್ಯತ್ಯಾಸ. ಸಣ್ಣ ವ್ಯತ್ಯಾಸವೇನಲ್ಲ, ಒಪ್ಪೋಣ.

2. ಶಬ್ದಶಕ್ತಿ ವಿಭಾಗ

2.1. ಅಭಿಧಾ. ಇಸ್ಪೇಟು ಎಂದರೆ ಇಸ್ಪೇಟು. ಕೈಯಲ್ಲಿ ಇದ್ದದ್ದನ್ನು ಇದೆ ಎನ್ನುವುದು. ಬಲದ ಲೆಕ್ಕವೂ ಮಕ್ಕಳಾಟದಷ್ಟು ಸುಲಭ: ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಪಾಮರರು ಬಳಸುವ ಕ್ರಮ. ಇದರ ಬಗ್ಗೆ ವಿದ್ವಾಂಸರು ಹೆಚ್ಚು ಬರೆದಿಲ್ಲ, ಬರೆಯಲು ಏನೂ ಇಲ್ಲವಾದ್ದರಿಂದ.

2.2. ಲಕ್ಷಣಾ. ‘ಗಂಗೆಯಲ್ಲಿ ಹಟ್ಟಿ’ ಎಂದರೆ ನೀರಿನೊಳಗಲ್ಲ, ದಡದ ಮೇಲೆ ಎಂದು ತಿಳಿಯಬೇಕಷ್ಟೆ. ಹಾಗೆಯೇ ಜೊತೆಗಾರ ಒಂದು ನೋ ಟ್ರಂಪ್ ಎಂದಾಗ ನೀವು ಡೈಮಂಡ್ ಎಂದರೆ ಆಟಿನ್. ಆಟಿನ್ ಎಂದರೆ ಇಸ್ಪೇಟು. ಹೇಳಿದ್ದರ ಪಕ್ಕದ ಮನೆಯಲ್ಲಿ ಅರ್ಥ ವಾಸವಾಗಿರುತ್ತದೆ. ಇದು ಜಾಕೋಬಿ ಟ್ರಾನ್ಸ್‌ಫರ್. ಆಸ್ವಾಲ್ಡ್ ಜಾಕೋಬಿ 1956ರಲ್ಲಿ ಪ್ರಚಾರಕ್ಕೆ ತಂದದ್ದು. ಸ್ವೀಡನ್ನಿನಲ್ಲಿ ಒಬ್ಬರು ಅದಕ್ಕೂ ಮೊದಲೇ ಬರೆದಿದ್ದರು ಎಂಬುದು ಗುರುಪರಂಪರೆಗೆ ಬಾಧಕವಲ್ಲ. ಟೂ ಕ್ಲಬ್ಸ್ ಪ್ರಶ್ನೆಯನ್ನು ಹೊಸೆದವನು ಜಾರ್ಜ್ ರಪೀ. 1945ರಲ್ಲಿ ಪತ್ರಿಕೆಗೆ ಬರೆದವನು ಅವನ ಜೊತೆಗಾರ ಸ್ಯಾಮ್ ಸ್ಟೇಮನ್. ಲೋಕ ಜಪಿಸುವುದು ಸ್ಟೇಮನ್ ನಾಮವನ್ನೇ. ‘ಲೆಬೆನ್‌ಸೋಲ್’ ಎಂಬ ಪದ್ಧತಿಯ ಕರ್ತೃವೆಂದು ಹೆಸರಾದವರು, ಅದು ತಮ್ಮದಲ್ಲವೆಂದು ಹೇಳಿದರೂ ಬಿಡಲಿಲ್ಲ. ಅವರ ಹೆಸರಿನ ಕಾಗುಣಿತವನ್ನು ತಪ್ಪಾಗಿಯೇ ಉಳಿಸಿಕೊಂಡು ಅವರಿಗೇ ಕಟ್ಟಿದರು.

2.3. ವ್ಯಂಜನಾ. ಇಲ್ಲಿ ಶಬ್ದಕ್ಕೂ ಅರ್ಥಕ್ಕೂ ನಂಟಸ್ತನವೇ ಇಲ್ಲ. ಫೋರ್ ನೋ ಟ್ರಂಪ್ ಎಂದರೆ ‘ಎಕ್ಕ ಎಷ್ಟಿವೆ?’ ಫೈವ್ ಡೈಮಂಡ್ಸ್ ಎಂದರೆ ‘ಒಂದು’. ಫೈವ್ ಹಾರ್ಟ್ಸ್ ಎಂದರೆ ‘ಎರಡು’. ಇಂಡಿಯಾನಾಪೊಲಿಸ್ಸಿನ ವಿಮೆ ಕಂಪನಿಯ ಈಸ್ಲಿ ಬ್ಲ್ಯಾಕ್‌ವುಡ್ 1933ರಲ್ಲಿ ಇದನ್ನು ಹೊಸೆದಾಗ ಎಷ್ಟು ಸರಳವಾಗಿತ್ತು! ಆಮೇಲೆ ಟ್ರಂಪಿನ ರಾಜನನ್ನೂ ಐದನೆಯ ಎಕ್ಕವೆಂದು ಎಣಿಸಿದರು. ಬಳಿಕ, ಮೊದಲ ಮೆಟ್ಟಿಲಿಗೆ ‘ಸೊನ್ನೆ ಅಥವಾ ಮೂರು’ ಎನ್ನಬೇಕೋ ‘ಒಂದು ಅಥವಾ ನಾಲ್ಕು’ ಎನ್ನಬೇಕೋ ಎಂದು ಎರಡು ಮಠಗಳಾದವು. ದ್ವೈತಿ, ಅದ್ವೈತಿಗಳಾದರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಾರು. ಈ ಇಬ್ಬರು ಒಂದೇ ಮೇಜಿಗೆ ಜೊತೆಯಾಗಿ ಕೂರುವುದಿಲ್ಲ.

ವ್ಯಂಜನೆಯ ಶಿಖರ ‘ಫೋರ್ಸಿಂಗ್ ಪಾಸ್’. ಪೋಲೆಂಡ್ ಮೊದಲಾದೆಡೆ ಬೆಳೆದ ಈ ಪದ್ಧತಿಯಲ್ಲಿ ‘ಪಾಸ್’ ಎಂದರೆ ‘ನನ್ನ ಕೈ ಬಲವಾಗಿದೆ, ಸುಮ್ಮನಾಗಬೇಡ’; ಬಾಯಿಬಿಟ್ಟು ಕೂಗುವ ಒಂದು ಬಿಡ್ಡಿಗೆ ‘ನನ್ನಲ್ಲಿ ಏನೂ ಇಲ್ಲ’ ಎಂದರ್ಥ. ಉಳ್ಳವನು ಸುಮ್ಮನಿರುತ್ತಾನೆ, ಇಲ್ಲದವನು ಕೂಗುತ್ತಾನೆ. ಇದನ್ನು ನಾನು ಬ್ರಿಜ್ ತಿಳಿಯದ ಸ್ನೇಹಿತರೊಬ್ಬರಿಗೆ ವಿವರಿಸಿದಾಗ, ‘ನಮ್ಮ ಆಫೀಸಿನಲ್ಲೂ ಹಾಗೇ’ ಎಂದರು. ವಿಶ್ವ ಬ್ರಿಜ್ ಸಂಸ್ಥೆಯವರೇ ಬೆಚ್ಚಿ, ಇಂಥ ಪದ್ಧತಿಗಳಿಗೆ ಬಹುತೇಕ ಪಂದ್ಯಗಳಲ್ಲಿ ಬಾಗಿಲು ಮುಚ್ಚಿದರು.

2.4. ತಾತ್ಪರ್ಯಾ. ಡಬಲ್ ಎಂಬ ಶಬ್ದದ ಅರ್ಥಬಾಹುಳ್ಯ ಈ ವಿಭಾಗದ ವಸ್ತು. ಪೆನಾಲ್ಟಿ ಡಬಲ್ ಎಂದರೆ ‘ಇವರನ್ನು ಬಗ್ಗುಬಡಿಯೋಣ’. ಟೇಕೌಟ್ ಡಬಲ್ ಎಂದರೆ ‘ನೀನು ಬಾಯಿ ಬಿಡು’. 1957ರಲ್ಲಿ ರಷ್ಯದ ಉಪಗ್ರಹ ಹಾರಿದ ಕಾಲಕ್ಕೆ ಬಂದ ನೆಗೆಟಿವ್ ಡಬಲ್‌ಗೆ ‘ಸ್ಪುಟ್ನಿಕ್’ ಎಂದೇ ಹೆಸರಾಯಿತು. ಇನ್ನು ರೆಸ್ಪಾನ್ಸಿವ್, ಸಪೋರ್ಟ್, ಲೈಟ್ನರ್... ಇವನ್ನೆಲ್ಲ 2.4.ಅ, 2.4.ಆ ಎಂದು ವಿಂಗಡಿಸುವ ಉದ್ದೇಶವಿತ್ತು. ಬೇಡ. ವಿಂಗಡಿಸಿ ವಿಂಗಡಿಸಿಯೇ ಈ ಆಟ ಇಲ್ಲಿಗೆ ಬಂದದ್ದು.

3.

2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಜೋಡಿ ಬ್ರಿಜ್‌ನಲ್ಲಿ ಭಾರತಕ್ಕೆ ಚಿನ್ನ ತಂದಿತು. ಒಬ್ಬರಿಗೆ 60, ಇನ್ನೊಬ್ಬರಿಗೆ 56. ಇಸ್ಪೀಟಿಗೂ ಪದಕವಾ ಎಂದು ನಕ್ಕವರಿದ್ದರು. ಈ ವಯಸ್ಸಿನಲ್ಲೂ ಹೊಸದೊಂದು ಕಲಿಯಬಹುದಲ್ಲ ಎಂದುಕೊಂಡವರೂ ಇದ್ದರು. ಹಾಗೆ ಅಂದುಕೊಂಡು ನಮ್ಮ ಊರಿನ ಕ್ಲಬ್ಬಿಗೆ ಬಂದವರಲ್ಲಿ ಹೈಸ್ಕೂಲಿನಿಂದ ನಿವೃತ್ತರಾದ ಗಣಿತದ ಮೇಡಂ ಒಬ್ಬರು. ಪುಟ್ಟ ನೋಟ್‌ಬುಕ್ಕು ತಂದಿದ್ದರು. ಎಕ್ಕಕ್ಕೆ 4, ರಾಜನಿಗೆ 3 ಎಂದು ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು.

ಅವರಿಗೆ ಜೊತೆ ಸಿಕ್ಕಿದ್ದು ಪಂಡಿತರು. ಅವರನ್ನು ಹೆಸರಿಸುವುದಿಲ್ಲ, ಬ್ರಿಜ್ ಆಡುವ ಪ್ರತಿ ಊರಿನಲ್ಲೂ ಒಬ್ಬರಿದ್ದಾರೆ. ಪಂಡಿತರು ಒಂದು ನೋ ಟ್ರಂಪ್ ಎಂದರು. ಮೇಡಂ ಕೈಯಲ್ಲಿ ಕಳಾವರ್ ಆರು, ಆಟಿನ್ ಒಂದೇ ಒಂದು, ಬಲ ಅಷ್ಟಕ್ಕಷ್ಟೆ. ಟೂ ಕ್ಲಬ್ಸ್ ಎಂದರು. ಪಂಡಿತರು ಟೂ ಹಾರ್ಟ್ಸ್ ಎಂದರು. ಅವರಲ್ಲಿ ಆಟಿನ್ ಚೆನ್ನಾಗಿರಬೇಕು, ಹಿರಿಯರು ಬೇರೆ, ಎಂದುಕೊಂಡು ಮೇಡಂ ಪಾಸ್ ಅಂದರು. ಎಲೆ ಬಿದ್ದ ಮೇಲೆ ಮೇಡಂ ಡಮ್ಮಿ. ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿ ಇಟ್ಟರು. ಆರು ಕಳಾವರ್ ಸಾಲಾಗಿ ಮಲಗಿದವು. ಪಂಡಿತರ ಮುಖ ಕೆಂಪಾಯಿತು. ಎಂಟು ಟ್ರಿಕ್ ಬೇಕಾಗಿದ್ದಲ್ಲಿ ಬಂದದ್ದು ಐದು.

“ಏನ್ ಮೇಡಂ ಇದು? ಟೂ ಕ್ಲಬ್ಸ್ ಅಂದ್ರೆ ಸ್ಟೇಮನ್ ಅಂತ ಗೊತ್ತಿಲ್ವಾ ನಿಮಗೆ?”

“ಕಳಾವರ್ ಆರಿತ್ತಲ್ಲ ಸಾರ್, ಅದಕ್ಕೇ ಹೇಳಿದೆ.”

“ಕಳಾವರ್ ಇದೆ ಅಂತ ಯಾರಾದ್ರೂ ಕ್ಲಬ್ಸ್ ಅಂತಾರೇನ್ರೀ!”

ಈ ವಾಕ್ಯವನ್ನು ಕಲ್ಲಿನಲ್ಲಿ ಕೆತ್ತಿಸಬೇಕು. ನೂರಕ್ಕೆ ಹತ್ತಿರ ವರ್ಷಗಳ ಬಿಡ್ಡಿಂಗ್ ಶಾಸ್ತ್ರದ ಸಾರ ಇದರಲ್ಲಿದೆ. ಆಮೇಲೆ ಅರ್ಧ ಗಂಟೆ ಪಾಠ ನಡೆಯಿತು. ಉಳಿದ ಮೇಜುಗಳವರು ತಲೆ ಎತ್ತಿ ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಹೆಂಗಸು, ಕಲಿಸುವುದೆಂದರೆ ಏನೆಂದು ಆ ಕೋಣೆಯಲ್ಲಿ ಬಲ್ಲ ಏಕೈಕ ವ್ಯಕ್ತಿ, ‘ಆಯ್ತು ಸಾರ್, ಆಯ್ತು ಸಾರ್’ ಎನ್ನುತ್ತ ಕೂತಿದ್ದರು. ಮುಂದಿನ ವಾರ ಬರಲಿಲ್ಲ. ಫೋನ್ ಮಾಡಿದ್ದಕ್ಕೆ ಮೊಮ್ಮಗಳ ಪರೀಕ್ಷೆ ಎಂದರು. ಆ ಪರೀಕ್ಷೆ ಇನ್ನೂ ಮುಗಿದಿಲ್ಲ.

ನನಗೆ ಸಿಟ್ಟು ಬರುವುದು ಸ್ಟೇಮನ್ ಮೇಲಲ್ಲ. ಅದು ಜಾಣ ಉಪಾಯ. ಹತ್ತು ನಿಮಿಷದಲ್ಲಿ ನಗುನಗುತ್ತ ಹೇಳಿಕೊಡಬಹುದು. ಆಟ ಶುರುವಾಗುವ ಮುಂಚೆ ‘ಮೇಡಂ, ನಾವು ಟೂ ಕ್ಲಬ್ಸ್ ಅನ್ನೋದನ್ನ ಹೀಗೆ ಆಡ್ತೀವಿ’ ಎಂದು ಒಂದು ಮಾತು ಹೇಳುವುದು ಜೊತೆಗಾರನ ಕೆಲಸವಾಗಿತ್ತು. ಅವರು ಹೇಳಲಿಲ್ಲ. ತಾನು ಕಷ್ಟಪಟ್ಟು ಕಲಿತದ್ದು ಇನ್ನೊಬ್ಬರಿಗೆ ಹುಟ್ಟಿನಿಂದ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಅದು ಅಪರಾಧ ಎಂಬ ಈ ಸೊಕ್ಕನ್ನು ಸಂಗೀತದಲ್ಲಿ ಕಂಡಿದ್ದೇನೆ, ಹಳಗನ್ನಡದ ವ್ಯಾಖ್ಯಾನಗಳಲ್ಲಿ ಕಂಡಿದ್ದೇನೆ. ಐವತ್ತೆರಡು ಎಲೆಯ ಆಟಕ್ಕೂ ಅದು ಬೇಕಿತ್ತೇ?

ಜೊತೆಗಾರರ ಮೇಲೆ ಹರಿಹಾಯುವುದು ಹೊಸತೇನಲ್ಲ. 1929ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಫೋರ್ ಸ್ಪೇಡ್ಸ್ ಆಡಿ ಸೋತ ಗಂಡ, ಹೆಂಡತಿ ನಡುವೆ ಮೇಜಿನಲ್ಲೇ ಜಗಳವಾಗಿ, ಅವನು ಅವಳ ಕೆನ್ನೆಗೆ ಹೊಡೆದು, ಅವಳು ಅವನನ್ನು ಗುಂಡಿಟ್ಟು ಕೊಂದಳು. ನ್ಯಾಯಾಲಯ ಅವಳನ್ನು ಬಿಟ್ಟಿತು. 1931-32ರಲ್ಲಿ ನ್ಯೂಯಾರ್ಕಿನಲ್ಲಿ ಆಟಗಾರ ಕಲ್ಬರ್ಟ್‌ಸನ್‌ನ ಬಿಡ್ಡಿಂಗ್ ಪದ್ಧತಿ ಮೇಲೋ, ಅವನ ಎದುರಾಳಿ ಲೆಂಝ್ ಕಡೆಯವರ ‘ಅಧಿಕೃತ’ ಪದ್ಧತಿ ಮೇಲೋ ಎಂದು 150 ರಬ್ಬರ್‌ಗಳ ಪಂದ್ಯ ನಡೆದಾಗ ಪತ್ರಿಕೆಗಳು ಅದನ್ನು ಯುದ್ಧದಂತೆ ವರದಿ ಮಾಡಿದವು. ಲೆಂಝ್‌ನ ಜೊತೆಗಾರ ಅವನೊಂದಿಗೆ ಜಗಳವಾಗಿ ಪಂದ್ಯದ ನಡುವೆಯೇ ಎದ್ದುಹೋದ. ಆ ಜೊತೆಗಾರ 2.2ರಲ್ಲಿ ಬಂದ ಜಾಕೋಬಿಯೇ. ಅವನಿಗೆ ಆಡಲು ಬೇರೆ ಜೊತೆ, ಬೇರೆ ಮೇಜು ಸಿಕ್ಕಿತು. ನಮ್ಮ ಮೇಡಂಗೆ ಊರಿನಲ್ಲಿ ಇದ್ದದ್ದು ಅದೊಂದೇ ಮೇಜು.

4. ಶಿಫಾರಸು

ಪಂದ್ಯಗಳಲ್ಲಿ ಈಗ ಬಾಯಿಬಿಟ್ಟು ಬಿಡ್ ಮಾಡುವಂತಿಲ್ಲ. ಪ್ರತಿಯೊಬ್ಬರ ಪಕ್ಕ ಬಿಡ್ಡಿಂಗ್ ಬಾಕ್ಸ್ ಇರುತ್ತದೆ. ಪಾಸ್‌ಗೆ ಹಸಿರು ಕಾರ್ಡು, ಡಬಲ್‌ಗೆ ಕೆಂಪು, ರೀಡಬಲ್‌ಗೆ ನೀಲಿ. ಇದಕ್ಕೆ ಇನ್ನೊಂದು ಕಾರ್ಡು ಸೇರಿಸಬೇಕೆಂದು ಕ್ಲಬ್ಬಿನ ಕಾರ್ಯದರ್ಶಿಗಳಿಗೆ ಅರ್ಜಿ ಕೊಟ್ಟಿದ್ದೇನೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಸಾಕು’ ಎಂದಿರಬೇಕು. ಆಟ ಮುಗಿದ ಮೇಲೆ ಜೊತೆಗಾರ ಎರಡನೆಯ ವಾಕ್ಯ ಶುರುಮಾಡಿದೊಡನೆ ಯಾರು ಬೇಕಾದರೂ ಅದನ್ನು ಮೇಜಿನ ಮೇಲೆ ಇಡಬಹುದು.

ಕಾರ್ಯದರ್ಶಿಗಳು ಒಪ್ಪಿದರು. ಪಂಡಿತರೂ ಒಪ್ಪಿದ್ದಾರೆ, ಒಂದು ಸಣ್ಣ ತಿದ್ದುಪಡಿಯೊಂದಿಗೆ: ಇನ್ನು ಮೇಲೆ ‘ಸಾಕು’ ಎಂದರೆ ಕನಿಷ್ಠ ಎಂಟು ಪಾಯಿಂಟು, ಡೈಮಂಡ್ ಒಂದೇ ಎಲೆ, ಮತ್ತು ಜೊತೆಗಾರ ಮಾತು ಮುಂದುವರಿಸತಕ್ಕದ್ದು.