ಹೇ ಊರಲ್ಲಿ ಲೇ ಲೈನು

(ಗುರುವಾರ ಬೆಳಿಗ್ಗೆ. ಇಂಗ್ಲೆಂಡಿನ ಗಡಿಗೆ ಅಂಟಿಕೊಂಡಿರುವ ವೇಲ್ಸ್‌ನ ಸಂತೆಯೂರು ಹೇ-ಆನ್-ವೈ. ಗಡಿಯಾರ ಗೋಪುರದ ಸುತ್ತ ಸಂತೆ ನೆರೆದಿದೆ. ಭಾವನ ಎರಡೂ ಕೈಯಲ್ಲಿ ‘ಎಲ್’ ಅಕ್ಷರದಂತೆ ಬಗ್ಗಿಸಿದ ಒಂದೊಂದು ತಂತಿ. ಅಕ್ಕನ ಹೆಗಲಲ್ಲಿ ಖಾಲಿ ಚೀಲ. ಶೀನನ ಕೈಯಲ್ಲಿ ಕೊಡೆ.)

ಶೀನ: ಭಾವ, ಆ ತಂತಿ ಸ್ವಲ್ಪ ಕೆಳಗಿಳಿಸಿ. ಜನ ದಾರಿ ಬಿಟ್ಟು ನಿಂತ್ಕೊಂಡು ನೋಡ್ತಿದಾರೆ.

ಭಾವ: ನೋಡ್ಲಿ ಬಿಡು. ಲೇ ಲೈನ್ ಹುಡುಕ್ತಿದೀನಿ. ಭೂಮಿಯೊಳಗೆ ಶಕ್ತಿ ನೆಟ್ಟಗೆ ಗೆರೆ ಎಳೆದ ಹಾಗೆ ಹರಿಯುತ್ತೆ. ಗೆರೆ ಸಿಕ್ತು ಅಂದ್ರೆ ಈ ಎರಡು ಕಡ್ಡಿ ಕತ್ತರಿ ಹಾಕ್ಕೊಳ್ತವೆ. ಅಲ್ಲಿ ಐದು ನಿಮಿಷ ನಿಂತ್ರೆ ಸಾಕು, ಬಿ.ಪಿ. ಇಳಿದುಹೋಗುತ್ತೆ.

ಅಕ್ಕ: ಬೆಳಿಗ್ಗೆ ಮಾತ್ರೆ ತಗೊಂಡ್ರಾ?

ಭಾವ: ತಗೊಂಡೆ.

ಶೀನ: ಹಾಗಾದ್ರೆ ಖಂಡಿತ ಇಳಿಯುತ್ತೆ.

ಅಕ್ಕ: ಕಡ್ಡಿಯಂತೆ ಕಡ್ಡಿ! ಮಗಳ ಕೋಟು ನೇತು ಹಾಕೋ ಹ್ಯಾಂಗರ್ ಕಣೋ ಅದು. ಎರಡು ಮುರಿದಿಟ್ರು. ಸಾಯಂಕಾಲ ಡ್ಯೂಟಿ ಮುಗಿಸಿ ಬಂದವಳು ಕೇಳಿದ್ರೆ ನಾನೇನು ಹೇಳ್ಲಿ?

ಭಾವ: ಶ್! ಬಂತು, ಬಂತು... ನೋಡು, ಕೈ ತಾನಾಗೇ ಎಳೀತಿದೆ.

(ಕಡ್ಡಿಗಳ ಹಿಂದೆ ಭಾವ, ಭಾವನ ಹಿಂದೆ ಇಬ್ಬರು. ಕಡ್ಡಿಗಳು ಒಂದು ತಿಂಡಿ ಅಂಗಡಿಯ ಮುಂದೆ ಕತ್ತರಿ ಹಾಕಿಕೊಳ್ಳುತ್ತವೆ.)

ಶೀನ: ಇದು ವೆಲ್ಷ್ ಕೇಕ್ ಅಂಗಡಿ.

ಭಾವ: ಅಂಗಡಿ ಈಗ ಬಂದಿದ್ದು. ಶಕ್ತಿ ಮೊದಲಿಂದ ಇದೆ. ಮೂರು ಕೊಡೋಕೆ ಹೇಳು.

ಅಕ್ಕ: (ತಿನ್ನುತ್ತಾ) ಕಾವಲಿ ಮೇಲೆ ಬೇಯಿಸಿದಾರೆ. ಒಣದ್ರಾಕ್ಷಿ ಹಾಕಿದಾರೆ. ಪರವಾಗಿಲ್ಲ, ಚೆನ್ನಾಗಿದೆ. ಮೊಟ್ಟೆ ಹಾಕಿರ್ತಾರೇನೋ?

ಶೀನ: ಹಾಕಿರ್ತಾರೆ.

ಅಕ್ಕ: ಈಗ ಹೇಳ್ತೀಯ? ಅರ್ಧ ಮುಗೀತು.

ಭಾವ: ಶಕ್ತಿರೇಖೆ ಮೇಲೆ ದೋಷ ಇಲ್ಲ, ತಿನ್ನು. ಶೀನ, ಮುಂದೆ ಕೋಟೆ ಕಡೆ ನಡಿ. ಅಲ್ಲಿ ಇನ್ನೂ ಬಲವಾಗಿರುತ್ತೆ. ಆ ಕೋಟೇನ ಮಾಲ್ ವಾಲ್ಬಿ ಅನ್ನೋ ಹೆಂಗಸು ಒಂದೇ ರಾತ್ರೀಲಿ ಕಟ್ಟಿದಳಂತೆ, ಮಡಿಲಲ್ಲಿ ಕಲ್ಲು ಹೊತ್ತು. ಒಂದು ಕಲ್ಲು ಜಾರಿ ಚಪ್ಪಲಿಯೊಳಗೆ ಬಿತ್ತಂತೆ. ಕಿತ್ತು ಎಸೆದ್ರೆ ವೈ ನದಿ ದಾಟಿ ಲೋಸ್ ಚರ್ಚಿನ ಅಂಗಳದಲ್ಲಿ ಬಿತ್ತಂತೆ. ಆ ಕಲ್ಲು ಆಳಿಗಿಂತ ಎತ್ತರ ಇದೆ, ಇವತ್ತಿಗೂ. ಶಕ್ತಿ ಇಲ್ಲದೆ ಆಗೋ ಮಾತಾ ಇದು?

ಅಕ್ಕ: ಒಬ್ಬಳೇ ಕಟ್ಟಿದಳಾ? ಗಂಡ ಏನು ಮಾಡ್ತಿದ್ದ?

ಶೀನ: ಕತೆಯ ಮಾತು ಬಿಡು ಅಕ್ಕ, ನಿಜವಾದವಳ ಹೆಸರು ಮಾಡ್ ಡಿ ಬ್ರೋಸ್. ಗಂಡ ಈ ಸೀಮೆಯ ದೊಡ್ಡ ಪಾಳೇಗಾರ. ಇಂಗ್ಲೆಂಡಿನ ಜಾನ್ ದೊರೆಗೆ ಸಾಲ ಉಳಿಸ್ಕೊಂಡು, ಕೊನೆಗೆ ಫ್ರಾನ್ಸಿಗೆ ಓಡಿಹೋದ. ದೊರೆ ಇವಳನ್ನೂ ಹಿರೀ ಮಗನನ್ನೂ ಸೆರೆಗೆ ಹಾಕಿ, 1210ರಲ್ಲಿ ಅನ್ನ ಕೊಡದೆ ಸಾಯಿಸಿದ.

ಅಕ್ಕ: ಅಯ್ಯೋ! ಕಲ್ಲು ಹೊತ್ತ ಕತೆ ಎಲ್ಲರೂ ಹೇಳ್ತಾರೆ, ಇದನ್ನ ಯಾರೂ ಹೇಳಲ್ಲ. ಓಡಿಹೋಗೋರೆಲ್ಲ ಗಂಡಸರೇ ನೋಡು.

ಭಾವ: ನಾನೆಲ್ಲೂ ಓಡಿಹೋಗ್ತಿಲ್ಲ. ಕಡ್ಡಿ ಎಳೀತಿದೆ, ಅಷ್ಟೆ.

(ಕೋಟೆಗೆ ಏರುವ ದಾರಿ ಬರುತ್ತಿದ್ದಂತೆ ಕಡ್ಡಿಗಳು ಪಕ್ಕಕ್ಕೆ ತಿರುಗುತ್ತವೆ.)

ಶೀನ: ಕೋಟೆ ಮೇಲಿದೆ ಭಾವ. ನಿಮ್ಮ ಗೆರೆ ಇಳಿಜಾರಲ್ಲಿ ಹೋಗ್ತಿದೆ.

ಭಾವ: ಶಕ್ತಿ ನೀರಿನ ಹಾಗೆ. ತಗ್ಗಿಗೇ ಹರಿಯೋದು.

ಶೀನ: ಈಗ ತಾನೆ ನೆಟ್ಟಗೆ ಗೆರೆ ಎಳೆದ ಹಾಗೆ ಅಂದ್ರಿ?

ಭಾವ: ನೆಟ್ಟಗೇ. ತಗ್ಗಿಗೆ.

(ಕಡ್ಡಿಗಳು ಕತ್ತರಿ. ಎದುರಿಗೆ ಕುರಿಹಾಲಿನ ಐಸ್‌ಕ್ರೀಮ್.)

ಶೀನ: ಶಕ್ತಿಗೆ ತುಂಬಾ ಹಸಿವು ಅಂತ ಕಾಣುತ್ತೆ.

ಅಕ್ಕ: ರೀ, ಶುಗರ್!

ಭಾವ: ಒಂದೇ ಸ್ಕೂಪು. ರೇಖೆಗೆ ಮರ್ಯಾದೆ ಕೊಡಬೇಕು.

ಶೀನ: ಭಾವ, ಒಂದು ಮಾತು ಕೇಳ್ಲಾ? ಈ ಲೇ ಲೈನ್ ಅನ್ನೋದನ್ನ ಮೊದಲು ಹೇಳಿದ್ದು ಯಾರು ಗೊತ್ತಾ?

ಭಾವ: ಪ್ರಾಚೀನ ಋಷಿಗಳು. ಇಲ್ಲಿಯ ಋಷಿಗಳು, ಡ್ರೂಯಿಡ್ಸ್.

ಶೀನ: ಆಲ್ಫ್ರೆಡ್ ವಾಟ್ಕಿನ್ಸ್. ನಾವು ಬಸ್ ಹತ್ತಿದ್ವಲ್ಲ, ಆ ಹೆರಿಫರ್ಡ್‌ನವನೇ. ಮನೇಲಿ ಬಿಯರ್ ವ್ಯಾಪಾರ, ಹಿಟ್ಟಿನ ಗಿರಣಿ. ಕ್ಯಾಮೆರಾಗೆ ಬೆಳಕು ಅಳೆಯೋ ಪುಟ್ಟ ಮೀಟರ್ ಕಂಡುಹಿಡಿದ ಜಾಣ. 1921ರ ಜೂನ್ 30ರಂದು ಈ ಸೀಮೇಲಿ ಓಡಾಡ್ತಾ ನಕ್ಷೆ ನೋಡ್ತಿದ್ದಾಗ ಅವನಿಗೆ ಹೊಳೀತು: ಹಳೇ ದಿಬ್ಬ, ಕಲ್ಲು, ಚರ್ಚು, ಕೋಟೆ ಎಲ್ಲಾ ಒಂದೇ ಸಾಲಲ್ಲಿವೆ ಅಂತ. 1925ರಲ್ಲಿ ‘ದಿ ಓಲ್ಡ್ ಸ್ಟ್ರೈಟ್ ಟ್ರ್ಯಾಕ್’ ಅಂತ ಪುಸ್ತಕ ಬರೆದ. ಅದರಲ್ಲಿ ಅವನು ಏನು ಹೇಳ್ತಾನೆ?

ಭಾವ: ಶಕ್ತಿ!

ಶೀನ: ಉಪ್ಪು.

ಭಾವ: ಏನು?

ಶೀನ: ಉಪ್ಪು, ಚಕಮಕಿ ಕಲ್ಲು, ಮಡಕೆ. ಹಿಂದಿನ ಕಾಲದ ವ್ಯಾಪಾರಿಗಳು ದಿಬ್ಬದಿಂದ ದಿಬ್ಬಕ್ಕೆ ಗುರಿಯಿಟ್ಟು ನಡೆದ ದಾರಿಗಳು ಇವು ಅಂದ. ದಾರಿ, ಭಾವ, ದಾರಿ! ಶಕ್ತಿ, ಕಂಪನ, ಬಿ.ಪಿ. ಒಂದು ಮಾತೂ ಇಲ್ಲ. ಅದೆಲ್ಲ 1969ರಲ್ಲಿ ಜಾನ್ ಮಿಚೆಲ್ ಅನ್ನೋರು ಬರೆದ ಪುಸ್ತಕದ ಕೃಪೆ. ವಾಟ್ಕಿನ್ಸ್ ತೀರಿಕೊಂಡು ಮೂವತ್ತು ವರ್ಷದ ಮೇಲಾಗಿತ್ತು.

ಭಾವ: ಮೂಲ ಪುರುಷನಿಗೆ ಪೂರ್ತಿ ಅರ್ಥ ಆಗಿರಲಿಲ್ಲ, ಪಾಪ. ಹಾಗೆ ಆಗುತ್ತೆ.

ಶೀನ: ಅವನ ದಾರಿಯ ಮಾತನ್ನೇ ಪ್ರಾಕ್ತನಶಾಸ್ತ್ರದ ಪಂಡಿತರು ಒಪ್ಪಲಿಲ್ಲ. ‘ಆಂಟಿಕ್ವಿಟಿ’ ಅನ್ನೋ ಪತ್ರಿಕೆಯ ಸಂಪಾದಕ ಕ್ರಾಫರ್ಡ್, ಆ ಪುಸ್ತಕದ ಜಾಹೀರಾತನ್ನ ದುಡ್ಡು ಕೊಡ್ತೀವಿ ಅಂದ್ರೂ ಹಾಕಲಿಲ್ಲ.

ಅಕ್ಕ: ಬರೋ ದುಡ್ಡು ಬೇಡ ಅಂದನಾ? ಅಂಥ ಸಂಪಾದಕರು ಈಗ ಎಲ್ಲಿದಾರೆ!

ಭಾವ: ಹಾಗಾದ್ರೆ ಅಷ್ಟೊಂದು ಜಾಗ ಒಂದೇ ಸಾಲಲ್ಲಿ ಹೇಗೆ ಬಂದ್ವು? ಅದಕ್ಕೆ ಉತ್ತರ ಹೇಳು.

ಶೀನ: ರಂಗೋಲಿ ಚುಕ್ಕಿ ಲೆಕ್ಕ. ಚುಕ್ಕಿ ಜಾಸ್ತಿ ಇಟ್ಟಷ್ಟೂ ಯಾವ ಕಡೆ ಗೆರೆ ಎಳೆದ್ರೂ ನಾಲ್ಕೈದು ಸಿಕ್ಕೇ ಸಿಗ್ತವೆ. ಈ ದೇಶದ ನಕ್ಷೆ ತುಂಬ ಚರ್ಚು, ದಿಬ್ಬ, ಕಲ್ಲು. ಮ್ಯಾಟ್ ಪಾರ್ಕರ್ ಅನ್ನೋ ಗಣಿತದವರು 2010ರಲ್ಲಿ, ಆಗಲೇ ಬಾಗಿಲು ಹಾಕಿದ್ದ 800 ವೂಲ್ವರ್ತ್ಸ್ ಅಂಗಡಿಗಳನ್ನ ನಕ್ಷೆ ಮೇಲೆ ಗುರುತು ಮಾಡಿದ್ರು. ಅವೂ ನೆಟ್ಟಗೆ ಸಾಲಾಗಿ ನಿಂತ್ವು! ಪ್ಲಾಸ್ಟಿಕ್ ಬಕೆಟ್ಟು, ಮಿಠಾಯಿ ಮಾರೋ ಅಂಗಡಿ.

ಭಾವ: ಅಂದ್ರೆ ಆ ಅಂಗಡಿಯವರಿಗೂ ಗೊತ್ತಿತ್ತು!

ಅಕ್ಕ: ಗೊತ್ತಿದ್ದೂ ಮುಚ್ಚಿಹೋಯ್ತಾ?

ಭಾವ: (ಕೇಳಿಸಿಕೊಳ್ಳದೆ) ಸರಿ, ಕಡ್ಡಿ ಹೇಗೆ ತಿರುಗುತ್ತೆ? ನಾನಂತೂ ತಿರುಗಿಸ್ತಿಲ್ಲ.

ಶೀನ: ತಿರುಗಿಸ್ತಿದೀರ, ನಿಮಗೆ ಗೊತ್ತಾಗಲ್ಲ. ಮನಸ್ಸಲ್ಲಿ ಅಂದ್ಕೊಂಡದ್ದನ್ನ ಕೈ ಕಾಣದ ಹಾಗೆ ಮಾಡುತ್ತೆ. 1852ರಲ್ಲೇ ವಿಲಿಯಂ ಕಾರ್ಪೆಂಟರ್ ಇದನ್ನ ಬರೆದಿಟ್ಟಿದಾನೆ. ನಮ್ಮೂರಲ್ಲಿ ಬೋರ್‌ವೆಲ್ ಪಾಯಿಂಟ್ ನೋಡೋಕೆ ಬಂದವನ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಲ್ಲಲಿಲ್ವಾ?

ಭಾವ: ನಿಂತಿತ್ತಲ್ಲ!

ಅಕ್ಕ: ಕಾಯಿ ನಿಂತಿತು. ಲಾರಿ ನಿಂತಿತು. ಸಾವಿರ ಅಡಿ ಹೋದ್ರೂ ಧೂಳು ನಿಲ್ಲಲಿಲ್ಲ.

ಭಾವ: ಆ ಮಾತು ಈಗ ಯಾಕೆ? ಈ ಊರಿನ ಗಾಳೀಲಿ ಪಾಸಿಟಿವ್ ಎನರ್ಜಿ ಇದೆ ಅಂತ ನೀವೂ ಒಪ್ಕೋಬೇಕು.

ಶೀನ: ಇಲ್ಲೇ ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಅಂತ ಒಬ್ಬ ವಕೀಲ ಇದ್ದ. ತೋಟದ ಕಳೆ ಸಾಯಿಸೋಕೆ ಅಂತ ಪಾಷಾಣ ತಂದು ಹೆಂಡತಿಗೆ ಹಾಕಿದ. ಆಮೇಲೆ ಎದುರು ವಕೀಲನನ್ನ ಚಹಾಕ್ಕೆ ಕರೆದು, ಬೆಣ್ಣೆ ಸವರಿದ ಸ್ಕೋನ್ ತನ್ನ ಕೈಯಾರೆ ಕೊಟ್ಟ. ಅವನು ಹೇಗೋ ಬದುಕಿದ. ಆರ್ಮ್‌ಸ್ಟ್ರಾಂಗ್‌ಗೆ 1922ರಲ್ಲಿ ನೇಣು. ಹೆಂಡತಿ ಸತ್ತದ್ದು 1921ರಲ್ಲಿ. ವಾಟ್ಕಿನ್ಸ್‌ಗೆ ಗೆರೆ ಹೊಳೆದ ವರ್ಷವೇ.

ಅಕ್ಕ: (ವೆಲ್ಷ್ ಕೇಕನ್ನು ನೋಡಿ, ಚೀಲಕ್ಕೆ ಹಾಕಿಕೊಳ್ಳುತ್ತಾ) ಉಳಿದದ್ದು ಆಮೇಲೆ ತಿಂತೀನಿ.

(ಭಾವ ಅಷ್ಟರಲ್ಲಿ ಇಪ್ಪತ್ತು ಹೆಜ್ಜೆ ಮುಂದೆ. ಕಡ್ಡಿಗಳು ಮತ್ತೆ ಕತ್ತರಿ.)

ಭಾವ: ಶೀನ! ಬೇಗ ಬಾ! ಇಷ್ಟು ಜೋರಾಗಿ ಎಲ್ಲೂ ಎಳೆದಿರಲಿಲ್ಲ!

ಶೀನ: ಅದು ಸಾರ್ವಜನಿಕ ಶೌಚಾಲಯ.

ಭಾವ: ...ಒಂದ್ನಿಮಿಷ ಕಡ್ಡಿ ಹಿಡ್ಕೋ.

(ಭಾವ ಒಳಗೆ.)

ಅಕ್ಕ: ನೀನೇನೋ ಕಟ್ಟೆ ಮೇಲೆ ಕೂತ ಮೇಷ್ಟ್ರ ಥರ ಪಾಠ ಮಾಡ್ತೀಯ. ಅವರು ಕೇಳ್ತಾರಾ?

ಶೀನ: ಹೊಟ್ಟೆ ಉರಿಯುತ್ತೆ ಅಕ್ಕ. ಕಣ್ಣೆದುರಿಗೇ ಇರೋದನ್ನ ನೋಡಲ್ವಲ್ಲ! ಏಳುನೂರು ವರ್ಷಕ್ಕೂ ಮೇಲ್ಪಟ್ಟು ಗುರುವಾರ ಗುರುವಾರ ಇಲ್ಲಿ ಸಂತೆ ಕೂಡುತ್ತೆ. ಆ ಕಡೆ ಕಂಬಗಳ ಕಟ್ಟಡ ಇದೆಯಲ್ಲ, ಗ್ರೀಕರ ಗುಡಿ ಥರದ್ದು, ಅದು 1833ರಲ್ಲಿ ಬೆಣ್ಣೆ ಮಾರೋಕೆ ಕಟ್ಟಿದ್ದು. ಬೆಣ್ಣೆಗೆ ಗುಡಿ! ಎರಡು ವರ್ಷದ ಮೇಲೆ ಚೀಸ್‌ಗೆ ಇನ್ನೊಂದು ಕಟ್ಟಡ. 1960ರ ದಶಕದಲ್ಲಿ ರೈಲು ನಿಂತುಹೋಯ್ತು, ಊರು ಸೊರಗೋಕೆ ಶುರುವಾಯ್ತು. ಆಗ ರಿಚರ್ಡ್ ಬೂತ್ ಅನ್ನೋನು ಹಳೇ ಫೈರ್ ಸ್ಟೇಷನ್‌ನಲ್ಲಿ ಹಳೇ ಪುಸ್ತಕದ ಅಂಗಡಿ ತೆರೆದ. ನೋಡ್ತಾ ನೋಡ್ತಾ ಎರಡು ಸಾವಿರ ಜನರ ಊರು ಪುಸ್ತಕದ ಸಂತೆಯಾಯ್ತು. 1977ರ ಏಪ್ರಿಲ್ ಒಂದನೇ ತಾರೀಕು ಅವನು ‘ಹೇ ಸ್ವತಂತ್ರ ದೇಶ, ನಾನೇ ರಾಜ’ ಅಂತ ಸಾರಿದ. ತನ್ನ ಕುದುರೆಯನ್ನ ಪ್ರಧಾನಿ ಮಾಡಿದ.

ಅಕ್ಕ: ಕುದುರೆ ಆದ್ರೆ ಮಾತಾಡಲ್ಲ, ಒಳ್ಳೇದೇ.

ಶೀನ: ಅವನದ್ದು ತಮಾಷೆ ಅಂತ ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆ ತಮಾಷೆಯಿಂದ ಊರು ಉಣ್ತು. 1988ರಿಂದ ಸಾಹಿತ್ಯದ ಜಾತ್ರೆ ನಡೀತಿದೆ. ಕೋಟೆ ಅಂಗಳದಲ್ಲಿ ಬಯಲಲ್ಲೇ ಪುಸ್ತಕದ ಕಪಾಟು, ಕಾವಲಿಲ್ಲ, ಡಬ್ಬಿಗೆ ದುಡ್ಡು ಹಾಕಿ ತಗೊಂಡು ಹೋಗಬಹುದು. ಇಷ್ಟನ್ನೂ ಮಾಡಿದ್ದು ಮನುಷ್ಯರು ಅಕ್ಕ. ಬೆಣ್ಣೆ ಹೊತ್ತವರು, ಕುರಿ ಹೊಡ್ಕೊಂಡು ಬಂದವರು, ಪುಸ್ತಕ ಜೋಡಿಸಿದವರು. ಅವರ ಶ್ರಮದ ಲೆಕ್ಕವನ್ನೆಲ್ಲ ಒಂದು ಗೆರೆಯ ಖಾತೆಗೆ ಜಮಾ ಮಾಡಿದ್ರೆ ಸಿಟ್ಟು ಬರಲ್ವಾ?

ಅಕ್ಕ: ಭಾಷಣ ಚೆನ್ನಾಗಿತ್ತು. ಆ ಕಡ್ಡಿ ಇಲ್ಲಿ ಕೊಡು.

(ಭಾವ ಹೊರಗೆ ಬರುವಷ್ಟರಲ್ಲಿ ಅಕ್ಕ ಕಡ್ಡಿ ಹಿಡಿದು ರಸ್ತೆಯ ಆಚೆ. ಉಣ್ಣೆಯ ಅಂಗಡಿಯ ಬಾಗಿಲಲ್ಲಿ ಕಡ್ಡಿಗಳು ಗಟ್ಟಿಯಾಗಿ ಕತ್ತರಿ. ಗಾಜಿನೊಳಗೆ ಬಣ್ಣಬಣ್ಣದ ವೆಲ್ಷ್ ಕಂಬಳಿ.)

ಅಕ್ಕ: ರೀ, ಬನ್ನಿ ಇಲ್ಲಿ. ಸಿಕ್ತು.

ಭಾವ: ಅಲ್ಲಿ... ಅಲ್ಲಿ ನೆಗೆಟಿವ್ ಇರಬೇಕು.

ಅಕ್ಕ: ಕತ್ತರಿ ಹಾಕ್ಕೊಂಡಿದೆ. ನೀವು ಹೇಳಿದ ಹಾಗೇ. ಕೈ ತಾನಾಗೇ ಎಳೀತು.

ಭಾವ: (ಗಾಜಿಗೆ ಮೂಗು ಹಚ್ಚಿ ಬೆಲೆ ಚೀಟಿ ಓದಿ, ನೆಟ್ಟಗಾಗಿ) ನೋಡೇ, ಒಂದು ಸಲ ಅಡ್ಡ ಬಂದ ಮಾತ್ರಕ್ಕೆ ಹಾಗೆಲ್ಲ ನಂಬೋಕಾಗಲ್ಲ. ಗಾಳಿ ಬೀಸಿರಬಹುದು. ನಿನಗೆ ಕಂಬಳಿ ಮೇಲೆ ಮೊದಲೇ ಮನಸ್ಸಿತ್ತು, ಗೊತ್ತಿಲ್ಲದ ಹಾಗೆ ಕೈ ತಿರುಗಿಸಿರ್ತೀಯ. ಕಣ್ಣಿಗೆ ಬಟ್ಟೆ ಕಟ್ಕೊಂಡು, ಬೇರೆ ಬೇರೆ ಅಂಗಡಿ ಮುಂದೆ ಹತ್ತು ಸಲ ನೋಡಬೇಕು. ಹತ್ತಕ್ಕೆ ಹತ್ತೂ ಸರಿಬಂದ್ರೆ ಆಗ ಮಾತಾಡೋಣ.

ಶೀನ: ಭಾವ! ಕಾರ್ಪೆಂಟರ್ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ!

ಅಕ್ಕ: (ಒಳಗೆ ಹೋಗುತ್ತಾ) ಹತ್ತು ಸಲಾನೂ ನೋಡೋಣಂತೆ. ಮೊದಲನೇ ಸಲದ್ದಕ್ಕೆ ಕಾರ್ಡು ಕೊಡಿ.