ಹಳೀ ಅರಿವಿ ಅದಾವೇನ್ರಿ?

ಟೆಕ್ಸಸ್‌ನಲ್ಲಿರುವ ನನ್ನ ತಂಗಿ ಕ್ವಿಲ್ಟ್, ಅಂದರೆ ಅಲ್ಲಿಯವರ ಕೌದಿ, ಹೊಲಿಯುತ್ತಾಳೆ. ಅದನ್ನು ಹೊಲಿಗೆ ಅನ್ನುವುದಕ್ಕಿಂತ ಸಿವಿಲ್ ಎಂಜಿನಿಯರಿಂಗ್ ಅನ್ನುವುದು ಸರಿ. ಮೊದಲು ಅಂಗಡಿಗೆ ಹೋಗಿ ಹೊಸ ಬಟ್ಟೆ ಕೊಳ್ಳುತ್ತಾಳೆ. ಕ್ವಿಲ್ಟಿನವರಿಗೆಂದೇ 18 ಇಂಚು ಅಗಲ, 22 ಇಂಚು ಉದ್ದದ ತುಂಡುಗಳನ್ನು ಮಡಚಿ, ರಿಬ್ಬನ್ ಕಟ್ಟಿ ಮಾರುತ್ತಾರೆ. ಮನೆಗೆ ತಂದು ಒಗೆದು, ಇಸ್ತ್ರಿ ಹಾಕಿ, ಅಂಥ ಚೆಂದದ ಬಟ್ಟೆಯನ್ನು ಚೂರು ಚೂರು ಮಾಡುತ್ತಾಳೆ. ಆಮೇಲೆ ಆ ಚೂರುಗಳನ್ನೇ ಮತ್ತೆ ಜೋಡಿಸುತ್ತಾಳೆ. ಹೊಲಿಗೆಯ ಅಂಚು ಎಲ್ಲೆಲ್ಲೂ ಕರಾರುವಾಕ್ಕಾಗಿ ಕಾಲು ಇಂಚು ಇರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಕೊನೆಗೆ ನಕ್ಷತ್ರದ ಮೂಗು ಸೊಟ್ಟಗಾಗುತ್ತದೆ. ಗಟ್ಟಿಯಾಗಿದ್ದ ಬಟ್ಟೆಯನ್ನು ಹರಿದು ಮತ್ತೆ ಗಟ್ಟಿ ಮಾಡುವ ಈ ಉದ್ಯೋಗಕ್ಕೆ ಆ ದೇಶದಲ್ಲಿ ದೊಡ್ಡ ಮಾರುಕಟ್ಟೆಯೇ ಇದೆ. ಹ್ಯೂಸ್ಟನ್ ನಗರದಲ್ಲಿ ವರ್ಷಕ್ಕೊಮ್ಮೆ ಕ್ವಿಲ್ಟುಗಳ ಜಾತ್ರೆಯೂ ನಡೆಯುತ್ತದೆ.

ಕಳೆದ ಸಲ ಊರಿಗೆ ಬಂದಾಗ ನನಗೂ ಒಂದು ಹಸಿರು ಮ್ಯಾಟು, ಒಂದು ಉರುಳುವ ಬ್ಲೇಡಿನ ಕಟ್ಟರ್ ತಂದುಕೊಟ್ಟಳು. ಈ ಕಟ್ಟರನ್ನು 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಮಾರುಕಟ್ಟೆಗೆ ತಂದ ಮೇಲೆ ಕ್ವಿಲ್ಟಿನವರು ಕತ್ತರಿ ಹಿಡಿಯುವುದನ್ನೇ ಬಿಟ್ಟರು ಎಂದು ಅದರ ಮಹಿಮೆ ವರ್ಣಿಸಿದಳು. ನಮ್ಮ ಅತ್ತೆ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಕರ್ಚಿಕಾಯಿ ಕತ್ತರಿಸೋ ಗಾಲಿ ಇಷ್ಟು ದೊಡ್ಡದು ಯಾಕವಾ?" ಅಂದರು. ನಾಗರಪಂಚಮಿಗೆ ಅದು ನಿಜಕ್ಕೂ ಬಹಳ ಉಪಯೋಗಕ್ಕೆ ಬಂತು.

ನಾನೂ ಹೊಲಿಯಬೇಕು ಅನ್ನಿಸಿದಾಗ ಮಾತ್ರ ನನ್ನ ಮನಸ್ಸು ಟೆಕ್ಸಸ್ಸಿನತ್ತ ಹೋಗದೆ ಹಳಿಯಾಳದತ್ತ ಹೋಯಿತು. ಧಾರವಾಡದವರಿಗೆ ಹಳಿಯಾಳವೇನು ದೂರವಲ್ಲ. ಅಲ್ಲಿ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಆಫ್ರಿಕಾದಿಂದ ಹಡಗು ಹತ್ತಿಸಿಕೊಂಡು ಬಂದು ಗೋವಾದ ಪೋರ್ಚುಗೀಸರ ಮನೆಗಳಲ್ಲಿ ಆಳಾಗಿ ದುಡಿದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಇವರು. ಸರ್ಕಾರ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮೂರೂ ಕಡೆಯ ಹೆಣ್ಣುಮಕ್ಕಳು ಹೊಲಿಯುವುದು ಕವಂದಿಯನ್ನೇ, ಅಂದರೆ ಹಳೇ ಬಟ್ಟೆಯ ತಮ್ಮ ಕೌದಿಯನ್ನೇ. ಒಬ್ಬರದರಲ್ಲಿ ಶಿಲುಬೆ ಬಂದೀತು, ಇನ್ನೊಬ್ಬರದರಲ್ಲಿ ಚಂದ್ರ ಬಂದೀತು. ಚಳಿ ಮಾತ್ರ ಎಲ್ಲರಿಗೂ ಒಂದೇ.

ಪ್ರದರ್ಶನವೊಂದರಲ್ಲಿ ಸಿದ್ದಿ ಅಜ್ಜಿಯೊಬ್ಬರು ಕವಂದಿ ಹೊಲಿಯುತ್ತ ಕೂತಿದ್ದರು. ನಾನು ನಿಂತು ನೋಡಿದೆ, ಬಗ್ಗಿ ನೋಡಿದೆ, ಕಡೆಗೆ ಅಜ್ಜಿಯೇ ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು. ಟೇಪಿಲ್ಲ, ಚಾಕ್‌ಪೀಸಿಲ್ಲ, ನಕ್ಷೆಯಿಲ್ಲ. ನಮ್ಮ ಅತ್ತೆ ಕೌದಿ ಹೊಲಿಯುವಾಗ ಮೊದಲು ಎಲ್ಲವನ್ನೂ ನೆಲದ ಮೇಲೆ ಹಾಸಿ, ಉದ್ದುದ್ದ ಹೊಲಿಗೆ ಹಾಕಿ ಹಿಡಿಸಿ, ಆಮೇಲೆ ಸಾಲು ಹೊಲಿಗೆಗೆ ಕೂರುತ್ತಾರೆ. ಇಲ್ಲಿ ಹಾಗಲ್ಲ. ಅಡಿಗೆ ಒಂದು ಹಳೇ ಸೀರೆ. ಅದರ ಒಂದು ಮೂಲೆಯಲ್ಲಿ ಬಟ್ಟೆಯ ತುಂಡೊಂದನ್ನು ಅಂಚು ಒಳಕ್ಕೆ ಮಡಚಿ ಇಟ್ಟು ಹೊಲಿಯಲು ಶುರು. ಪಕ್ಕಕ್ಕೆ ಇನ್ನೊಂದು ತುಂಡು, ಅದರ ಪಕ್ಕಕ್ಕೆ ಮತ್ತೊಂದು. ಹೀಗೆ ಅಂಚಿನಗುಂಟ ಸುತ್ತು ಬಂದು, ಸುತ್ತು ಸುತ್ತಾಗಿ ಒಳಕ್ಕೆ ಸರಿಯುತ್ತ ನಡುವಿಗೆ ಬಂದು ನಿಂತರೆ ಮುಗಿಯಿತು. ತೇಪೆ ಹಚ್ಚುವುದು, ಪದರ ಕೂಡಿಸುವುದು, ಅಂಚು ಕಟ್ಟುವುದು ಎಲ್ಲ ಒಂದೇ ಸೂಜಿಯಲ್ಲಿ, ಒಂದೇ ಓಟದಲ್ಲಿ. ನಾಲ್ಕೂ ಮೂಲೆಗೆ ಬಣ್ಣಬಣ್ಣದ ಪುಟ್ಟ ಚೌಕಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಪೇರಿಸಿ ಹಚ್ಚುತ್ತಾರೆ. ಅದಕ್ಕೆ ಫೂಲಾ ಅನ್ನುತ್ತಾರೆ. ಫೂಲಾ ಇಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ.

"ನಡುವ ಏನ್ ಬರತೈತಿ ಅಜ್ಜಿ?" ಅಂತ ಕೇಳಿದೆ.

"ಅಲ್ಲಿಗೆ ಹೋದ ಮ್ಯಾಲೆ ತಿಳೀತದ" ಅಂದರು.

ಮದುವೆಯಾದಾಗಿನಿಂದ ತಿಂಗಳ ಖರ್ಚಿಗೆ ಎಕ್ಸೆಲ್ ಹಾಳೆ ಹಾಕುವ ಗಂಡನೊಂದಿಗೆ ಬಾಳುತ್ತಿರುವ ನನಗೆ ಈ ಮಾತು ಅಮೃತದ ಹಾಗೆ ಕೇಳಿಸಿತು. ಮನೆಗೆ ಬಂದವಳೇ ಸೂಜಿ ದಾರ ತೆಗೆದೆ. ಆಗ ಗೊತ್ತಾಯಿತು, ಕವಂದಿಗೆ ಬೇಕಾದದ್ದು ಕೈಚಳಕವೂ ಅಲ್ಲ, ತಾಳ್ಮೆಯೂ ಅಲ್ಲ. ಹಳೇ ಬಟ್ಟೆ. ಮೂರು ಕಪಾಟು, ಎರಡು ಟ್ರಂಕು, ದಿವಾನದ ಹೊಟ್ಟೆಯ ತುಂಬ ಬಟ್ಟೆಯಿರುವ ನಮ್ಮ ಮನೆಯಲ್ಲಿ ಹಳೇ ಬಟ್ಟೆ ಅನ್ನುವುದು ಯಾರ ಹತ್ತಿರವೂ ಇಲ್ಲ.

ನಮ್ಮ ಮನೆಯವರ ಒಂದು ನೀಲಿ ಚೌಕಳಿ ಲುಂಗಿ ಇತ್ತು. ಒಗೆದೂ ಒಗೆದೂ ಅದರ ಚೌಕಳಿ ಹಾರಿಹೋಗಿ, ಬಿಸಿಲಿಗೆ ಹಿಡಿದರೆ ಅದರೊಳಗಿಂದ ಎದುರುಮನೆ ಕಾಣುತ್ತಿತ್ತು. ಕೇಳಿದೆ. "ಏ, ಅದು ಇನ್ನೂ ಗಟ್ಟಿ ಐತಿ!" ಅಂದರು. ಹಾಗಾದರೆ ತೂತು ಬಿದ್ದ ಆ ಬನಿಯನ್? "ಅದು ಕಾರ್ ಒರೆಸಾಕ." ಕಾರು ಒರೆಸಲು ಆಗಲೇ ಅವರ ಬನಿಯನ್ನುಗಳ ಒಂದು ಗಂಟೇ ಕಾರಿನ ಡಿಕ್ಕಿಯಲ್ಲಿದೆ. ಕಾರು ಒರೆಸಿದ್ದನ್ನು ಮಾತ್ರ ನಾನು ಕಂಡಿಲ್ಲ.

ಅತ್ತೆಯ ಟ್ರಂಕಿನಲ್ಲಿ ಇಳಕಲ್ ಸೀರೆಗಳಿವೆ. ಹತ್ತಿಯ ಒಡಲು, ರೇಷ್ಮೆಯ ಸೆರಗು. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸಿದ ನೇಯ್ಗೆ. ಸೆರಗು ಸವೆದುಹೋದರೂ ಒಡಲು ಕೌದಿಗೆ ಒದಗುವ ಬಟ್ಟೆ. ಆದರೆ ಪ್ರತಿಯೊಂದು ಸೀರೆಯ ಹಿಂದೆ ಒಂದೊಂದು ಬಾಣಂತನ, ಒಂದೊಂದು ಸೀಮಂತ, ಒಂದೊಂದು ಜಗಳ ಇದೆ. ಒಂದು ಸೀರೆ ಕೇಳಿದ್ದಕ್ಕೆ ಒಂದು ಮಧ್ಯಾಹ್ನವಿಡೀ ಕಥೆ ಕೇಳಿ, ಕೊನೆಗೆ ಕೈಗೆ ಸಿಕ್ಕಿದ್ದು ಲಾಡಿಯಿಲ್ಲದ ಒಂದು ಒಳಲಂಗ.

ಮಗ ಮಾತ್ರ ಉದಾರಿ. "ತೊಗೊಮ್ಮಾ" ಅಂತ ಟೀಶರ್ಟುಗಳ ರಾಶಿಯನ್ನೇ ತಂದು ಸುರಿದ. ಮ್ಯಾರಥಾನಿನವು, ಕಾಲೇಜು ಫೆಸ್ಟಿನವು, ಬ್ಯಾಂಕಿನವರು ಪುಕ್ಕಟೆ ಕೊಟ್ಟವು. ಎಲ್ಲ ಪಾಲಿಸ್ಟರ್, ಇಲ್ಲವೆ ಲೈಕ್ರಾ ಸೇರಿಸಿದ್ದು. ಅಂಚು ಮಡಚಿದರೆ ಮಡಿಕೆ ನಿಲ್ಲುವುದಿಲ್ಲ, ಹೊಲಿಯಲು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಸುರುಳಿ ಸುತ್ತುತ್ತದೆ. ಹತ್ತಿ ಬಟ್ಟೆ ಹಳತಾದಷ್ಟೂ ಮೆತ್ತಗಾಗುತ್ತದೆ. ಇವು ಹಳತೇ ಆಗುವುದಿಲ್ಲ, ಬರೀ ವಾಸನೆ ಹಿಡಿಯುತ್ತವೆ. ನಿಜಕ್ಕೂ ಮೆತ್ತಗಾದ ಹತ್ತಿ ಸೀರೆಗಳೆಲ್ಲ ಎಲ್ಲಿ ಹೋದವು ಅಂತ ಯೋಚಿಸಿದಾಗ ಅಡುಗೆಮನೆಯ ಶೆಲ್ಫು ಕಣ್ಣಿಗೆ ಬಿತ್ತು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಕೊಟ್ಟು ತೆಗೆದುಕೊಂಡ ಡಬ್ಬಿಗಳು ಅಲ್ಲಿ ಸಾಲಾಗಿ ಕೂತಿದ್ದವು. ಈ ರಾಜ್ಯದ ಎಷ್ಟು ಕೌದಿಗಳು ಹೀಗೆ ಡಬ್ಬಿಯಾದವೋ!

ಕೊನೆಗೆ ನಮ್ಮ ಓಣಿಯ ಟೇಲರಣ್ಣ ಕೈ ಹಿಡಿದ. ಅವನ ಮಷೀನಿನ ಕೆಳಗಿದ್ದ ಚೂರಿನ ಚೀಲದಲ್ಲಿ ಗುಳೇದಗುಡ್ಡ ಖಣದ ತುಂಡುಗಳಿದ್ದವು, ಕುರ್ತಾದ ತೋಳುಗಳಿದ್ದವು, ಶಾಲಾ ಯೂನಿಫಾರ್ಮಿನ ಖಾಕಿ ಇತ್ತು. ಬಣ್ಣ ಬಿಡುವುದನ್ನೆಲ್ಲ ಮೊದಲೇ ಬಕೆಟ್ಟಿನಲ್ಲಿ ನೆನೆಸಿ ಬಿಡಿಸಿದೆ. ಈ ಒಂದು ವಿಷಯದಲ್ಲಿ ಅತ್ತೆಯೂ ಟೆಕ್ಸಸ್ಸಿನ ತಂಗಿಯೂ ಒಂದೇ ಮಾತು ಹೇಳಿದ್ದರು.

ಪಡಸಾಲೆಯಲ್ಲಿ ಸೀರೆ ಹಾಸಿ ಕೂತೆ. ಅಂಚು ಮಡಚಿದಲ್ಲಿ ಬಟ್ಟೆ ನಾಲ್ಕೈದು ಪದರ ಆಗುತ್ತದೆ, ಸೂಜಿ ಹಿಂದಿನಿಂದ ಬೆರಳನ್ನು ತಳ್ಳುತ್ತದೆ. ಅಂಗುಸ್ತಾನ ಹಾಕಿದರೆ ಬೆರಳಿಗೆ ಬುದ್ಧಿ ಬರುವುದಿಲ್ಲ, ಹಾಕದಿದ್ದರೆ ತೂತು ಬೀಳುತ್ತದೆ. ಹೆಬ್ಬೆರಳು, ತೋರುಬೆರಳು ಎರಡಕ್ಕೂ ಎಷ್ಟು ಚುಚ್ಚಿಕೊಂಡಿತೆಂದರೆ ನನ್ನ ಮೊಬೈಲು ನನ್ನನ್ನು ಗುರುತಿಸುವುದನ್ನೇ ಬಿಟ್ಟಿತು.

ಅತ್ತೆಗೆ ಈ ಪದ್ಧತಿಯೇ ಪಸಂದಾಗಲಿಲ್ಲ. "ಮೊದ್ಲ ಎಲ್ಲಾ ಹಾಸ್ಕೋಬೇಕು. ಹಿಂಗ ಕಡೀಲಿಂದ ಹೊಂಟ್ರ ನಡುವ ಗುಬ್ಬಿ ಬರ್ತಾವು" ಅನ್ನುತ್ತ ಎದುರು ಕೂತರು. ಗುಬ್ಬಿಗಳು, ಅಂದರೆ ಬಟ್ಟೆ ಉಬ್ಬಿ ನಿಲ್ಲುವ ಜಾಗಗಳು, ಬಂದವು. ನಾನು ಅಂಗೈಯಿಂದ ಸವರಿ ಒಳಕ್ಕೆ ತಳ್ಳುತ್ತ ಹೋದೆ. ಅವು ಜಾಗ ಬದಲಿಸಿದವೇ ಹೊರತು ಮನೆ ಬಿಡಲಿಲ್ಲ. ಇನ್ನು ನನ್ನ ಸಾಲುಹೊಲಿಗೆ ನೋಡಿ ಅವರು ಹೇಳಿದ್ದು ಓಣಿಯಲ್ಲೆಲ್ಲ ಹಬ್ಬಿತು: "ಎರಡು ಹೊಲಿಗಿ ನಡುವ ಎಮ್ಮಿ ದಾಟತೈತಿ." ಆದರೆ ಫೂಲಾ ಕಂಡ ಕ್ಷಣ ಅವರ ಮುಖ ಬದಲಾಯಿತು. ಒಂದು ಚೌಕ ತೆಗೆದುಕೊಂಡು ಮಡಚಿದರು, ಇನ್ನೊಂದು ಮಡಚಿದರು. ಆಮೇಲೆ ನಾಲ್ಕು ಮೂಲೆಗಳೂ ಅವರ ವಶವಾದವು, ಮೂಲೆಗಳ ಬಗ್ಗೆ ನನಗೆ ಮಾತಾಡುವ ಹಕ್ಕು ಹೋಯಿತು.

ನೆಲದ ಮೇಲೆ ಏನನ್ನಾದರೂ ಹಾಸಿದರೆ ಅದರ ಮೇಲೆ ಕೂರಲೇಬೇಕೆಂಬುದು ನಮ್ಮ ಮನೆಯ ಗಂಡಸರ ನಂಬಿಕೆ. ಐಪಿಎಲ್ ಪಂದ್ಯವೊಂದರ ರಾತ್ರಿ ಮನೆಯವರು ಬಂದು ಕವಂದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಹೊಲಿಯುತ್ತಲೇ ಇದ್ದೆ. ಕೊನೆಯ ಓವರಿಗೆ ಸಿಕ್ಸರ್ ಬಿತ್ತು, ಇವರು ಜಿಗಿದು ಎದ್ದರು, ಜೊತೆಗೆ ಕವಂದಿಯೂ ಎದ್ದಿತು. ನೀಲಿ ಲುಂಗಿ ಒಂದು ಗೇಣಿನಷ್ಟು ಕವಂದಿಗೆ ಕೂಡಿಕೊಂಡಿತ್ತು. ಪರ್ ಅಂತ ಹರಿದದ್ದು ಲುಂಗಿ. ಎಮ್ಮೆ ದಾಟುವ ನನ್ನ ಹೊಲಿಗೆ ಒಂದೂ ಬಿಚ್ಚಲಿಲ್ಲ. ನಾನು ಬೇಕೆಂದೇ ಮಾಡಿದೆ ಅನ್ನುವುದು ಅವರ ವಾದ. ಟೀವಿ ನೋಡುತ್ತ ಹೊಲಿಯುತ್ತಿದ್ದೆ ಅನ್ನುವುದು ನನ್ನದು. ಅತ್ತೆ ಕಣ್ಣಾರೆ ಕಂಡವರು, ಆದರೆ ಸಾಕ್ಷಿ ಹೇಳಲು ಒಪ್ಪಲಿಲ್ಲ. ಏನೇ ಆಗಲಿ, ಲುಂಗಿ ಇನ್ನೂ ಗಟ್ಟಿ ಇದೆ ಎಂದು ವಾದಿಸುವ ಸ್ಥಿತಿಯಲ್ಲಿ ಈಗ ಅವರಿಲ್ಲ. ಮೂರನೆಯ ಸುತ್ತು ಪೂರಾ ಅದರದೇ.

ಅಂತೂ ಈಗ ಕವಂದಿ ನಡುವಿಗೆ ಬಂದು ನಿಂತಿದೆ. ನಾಲ್ಕು ಕಡೆಯಿಂದಲೂ ಒಂದೇ ವೇಗದಲ್ಲಿ ಬಾರದ ಕಾರಣ ನಡುವಿನ ಖಾಲಿ ಜಾಗ ಚೌಕವೂ ಅಲ್ಲ, ಆಯತವೂ ಅಲ್ಲ. ಅಜ್ಜಿ ಹೇಳಿದಂತೆ ಅಲ್ಲಿಗೆ ಹೋದೆ, ಆದರೂ ನಡುವೆ ಏನು ಬರುತ್ತದೆಂದು ನನಗೆ ತಿಳಿದಿಲ್ಲ. ಅದನ್ನು ಮುಚ್ಚಲು ಒಂದು ಗೇಣು ಬಟ್ಟೆ ಬೇಕು. ಟೇಲರಣ್ಣನ ಚೀಲ ಬರಿದಾಗಿದೆ, ಮನೆಯವರು ಉಳಿದ ಲುಂಗಿಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರೆ. ನಿಮ್ಮ ಮನೆಯಲ್ಲಿ ಒಗೆದು ಮೆತ್ತಗಾದ ಹತ್ತಿಯ ಸೀರೆಯೋ ಧೋತರವೋ ಇದ್ದರೆ ದಯವಿಟ್ಟು ಪಾತ್ರೆಯವಳಿಗೆ ಕೊಡಬೇಡಿ, ನನಗೆ ಕೊಡಿ. ಬದಲಿಗೆ ಬೇಕಾದರೆ ಸ್ಟೀಲ್ ಡಬ್ಬಿ ಕೊಡುತ್ತೇನೆ, ಬೇಕಾದಷ್ಟಿವೆ. ಪಾಲಿಸ್ಟರ್ ಮಾತ್ರ ಬೇಡ.