ತಗ್ಗಿ ಬಗ್ಗಿ ಪಾಸಾದ ಕಾರು

ಇಂಗ್ಲೆಂಡಿನಲ್ಲಿ ಕಾರಿಗೆ 3 ವರ್ಷ ತುಂಬಿತೆಂದರೆ ಆಮೇಲೆ ವರ್ಷಕ್ಕೊಮ್ಮೆ ಎಂಒಟಿ ಎಂಬ ಸುರಕ್ಷತಾ ಪರೀಕ್ಷೆ. 1960ರಲ್ಲಿ ಇದನ್ನು ಶುರು ಮಾಡಿದ 'ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್' ಎಂಬ ಹೆಸರೇ ಈಗಿಲ್ಲ. ತೀರಿಹೋದ ಅಜ್ಜನ ಹೆಸರಲ್ಲಿ ತಿಥಿ ನಡೆದಂತೆ ಪರೀಕ್ಷೆ ಮಾತ್ರ ತಪ್ಪದೆ ನಡೆಯುತ್ತಿದೆ.

ನನ್ನ ಮಜ್ದಾ ಎಂಎಕ್ಸ್-5ಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ ತಗ್ಗಿಸಿದ್ದೇನೆ. ರಸ್ತೆಯಲ್ಲಿ ಹಂಪ್ ಕಂಡರೆ ಹೊಟ್ಟೆ ಒಳಗೆಳೆದುಕೊಳ್ಳುವವನು ನಾನೇ! ಪರೀಕ್ಷೆಯ ದಿನ ಗ್ಯಾರೇಜಿನ ಲಿಫ್ಟ್ ಮುಂದೆ ಕಾರು ಹೊಸ ಮದುಮಗಳಂತೆ ತಲೆತಗ್ಗಿಸಿ ನಿಂತಿತು. ಪರೀಕ್ಷಕ ಎರಡು ಹಲಗೆ ತಂದು ಚಕ್ರದಡಿ ಇಟ್ಟ. 'ಕರ್‌ರ್' ಎಂದು ಸದ್ದಾಯಿತು. ಬಂಪರೋ, ನನ್ನ ಕರುಳೋ ತಿಳಿಯಲಿಲ್ಲ.

ತಗ್ಗಿರುವುದೇ ತಪ್ಪಲ್ಲ. ಆದರೆ ಟೈರು ಎಲ್ಲೂ ಉಜ್ಜಬಾರದು, ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯಬಾರದು, ಟೈರಿನ ಗೀರುಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಆತ ಟಾರ್ಚ್ ಬಿಟ್ಟು, ಸಲಾಕೆಯಿಂದ ಮೀಟಿ, "ಹ್ಞೂಂ" ಅಂದ. ಡಾಕ್ಟರ "ಹ್ಞೂಂ" ಕೂಡ ಅಷ್ಟು ಹೆದರಿಸಿರಲಿಲ್ಲ.

ಕೊನೆಗೆ ಪಾಸು! ಮನೆ ಮುಂದೆ ಕಾರಿನಿಂದ ಏಳಲಾಗದೆ ಹೆಂಡತಿಗೆ ಕೈ ಚಾಚಿದೆ.

"ಕಾರಿಂದಾಯ್ತು, ನಿಮ್ಮ ಸೊಂಟದ ಎಂಒಟಿ ಯಾವಾಗ್ರೀ?" ಅಂದಳು.